ಮಾವನ ಬಾಯಿಮಾತಿನ ಅನುಮತಿ

ಮಾವನ ಹತ್ತಿರ ರುಜು ಕೇಳುವ ಧೈರ್ಯ ನಮ್ಮ ಮನೆಯಲ್ಲಿ ಯಾರಿಗೂ ಇಲ್ಲ. ಅಮ್ಮನ ಅಣ್ಣ ಅವರು. ಮದುವೆಯಿರಲಿ, ದೋಣಿಯಿರಲಿ, ಅವರು ಹೂಂ ಅಂದರೆ ಮುಗಿಯಿತು. ಬೇರೆಯವರ ಸಾಫ್ಟ್‌ವೇರಿನಲ್ಲಿ ಕಳ್ಳರು ನುಗ್ಗುವ ದಾರಿ ಹುಡುಕಿ ತಿಳಿಸುವುದು ನನ್ನ ಕಸುಬು. ಅನುಮತಿ ಪತ್ರ ಕೈಗೆ ಬಾರದೆ ಯಾವ ಕಂಪನಿಯದ್ದನ್ನೂ ಮುಟ್ಟಿದವಳಲ್ಲ. ಅಂಥವಳು ಮಾವನ ಒಂದು ಮಾತಿಗೆ ಲ್ಯಾಪ್‌ಟಾಪ್ ತೆರೆದು ಕೂತೆ.

ತ್ರಾಸಿ ಕಡೆಯ ಸಣ್ಣ ಮೀನುಗಾರರ ಸಂಘವೊಂದಕ್ಕೆ ಮಾವ ಅಧ್ಯಕ್ಷರು. ಮೀನು ಮಾರುವ ಅಮ್ಮನೂ ಅದರ ಸದಸ್ಯೆ. ಸದಸ್ಯರೆಲ್ಲ ಆಧಾರ್, ಪಾಸ್‌ಬುಕ್ ಹಾಕಬೇಕಾದ ಹೊಸ ಆ್ಯಪ್ ಬಂದಿತ್ತು. ಮಾಡಿಕೊಟ್ಟದ್ದು ಹೊರಗಿನ ಕಂಪನಿ.

"ನೀ ಒಂಚೂರ್ ಕಾಣ್ ಮಗಾ. ಬಾಗ್ಲ್ ಸಮ ಇತ್ತಾ ಇಲ್ಯಾ ಅಂದ್ ಹೇಳ್," ಎಂದರು ಮಾವ, ಅಮ್ಮನ ಎದುರಿಗೇ.

ಹತ್ತು ನಿಮಿಷ ಸಾಕಾಯಿತು. ಸದಸ್ಯ ಸಂಖ್ಯೆಯ ಕೊನೆಯ ಅಂಕಿ ಬದಲಿಸಿದರೆ ಇನ್ನೊಬ್ಬರ ಪಾಸ್‌ಬುಕ್ ತೆರೆದುಕೊಳ್ಳುತ್ತಿತ್ತು. ನನಗೆ ಎಲ್ಲಿಲ್ಲದ ಸಿಟ್ಟು ಬಂತು. ಪುಣ್ಯಕ್ಕೆ ಆಗ ದಾಖಲೆ ಹಾಕಿದ್ದವರು ನಾಲ್ಕಾರು ಮಂದಿ ಮಾತ್ರ. ಮಾವನಿಗೆ ಹೇಳಿ, ಕಂಪನಿಗೂ ವಿವರವಾಗಿ ಬರೆದು ಕಳಿಸಿದೆ. ಉಪಕಾರ ಮಾಡಿದೆ ಎಂದೇ ತಿಳಿದಿದ್ದೆ. ಉತ್ತರವಾಗಿ ಬಂದದ್ದು ವಕೀಲರ ನೋಟಿಸು. ಅನುಮತಿಯಿಲ್ಲದೆ ನಮ್ಮ ಕಂಪ್ಯೂಟರಿನೊಳಗೆ ಹೊಕ್ಕಿದ್ದೀರಿ, ಐ.ಟಿ. ಕಾಯ್ದೆಯಡಿ ಪೊಲೀಸರಿಗೆ ದೂರು ಕೊಡುತ್ತೇವೆ ಎಂದು.

ಮಾವನನ್ನು ಕರೆದುಕೊಂಡು ಕುಂದಾಪುರದ ವಕೀಲರೊಬ್ಬರ ಹತ್ತಿರ ಹೋದೆ. ಸಂಘ ಮತ್ತು ಕಂಪನಿಯ ಕರಾರುಪತ್ರ ಓದಿ ಅವರು ಕನ್ನಡಕ ತೆಗೆದಿಟ್ಟರು.

"ಪರೀಕ್ಷೆ ಮಾಡುಕೆ ಅನುಮತಿ ಕೊಡುದ್ ಕಂಪನಿ ಮಾತ್ರ ಅಂದ್ ಇದ್ರಲ್ಲೇ ಇತ್ತ್. ನಿಮ್ ಮಾವಂಗೆ ಆ ಅಧಿಕಾರವೇ ಇಲ್ಲೆ."

ಇಂಗ್ಲಿಷಿನ ಆ ಕರಾರಿನ ಪ್ರತಿ ಪುಟಕ್ಕೂ ಮಾವನ ರುಜು ಇತ್ತು. ಒಂದು ಸಾಲೂ ಓದಿರಲಿಲ್ಲ. ನಾನು ಕೇಳಲು ನಾಚಿದ ರುಜುವನ್ನು ಅವರು ಯಾರೋ ಬೆರಳು ತೋರಿಸಿದಲ್ಲೆಲ್ಲ ಹಾಕಿ ಬಂದಿದ್ದರು.

"ಒಳ್ಳೇದಕ್ಕೇ ಮಾಡಿದ್ದ್ ಅಂದ್ ಕೋರ್ಟಲ್ಲಿ ಹೇಳ್ಲಕ್ಕ್," ಎಂದರು ವಕೀಲರು. "ಅಲ್ಲಿವರಿಗೆ ಅಲ್ದಾಡುಕೆ ತಯಾರಿದ್ರೆ."

ನಾನು ತಯಾರಿರಲಿಲ್ಲ. ನನ್ನ ಮೇಲೊಂದು ಕೇಸಿದ್ದರೆ ಈ ಕಸುಬಿನಲ್ಲಿ ಯಾರೂ ಕೆಲಸ ಕೊಡುವುದಿಲ್ಲ. ಕೊನೆಗೆ ಕಂಪನಿ ಕಳಿಸಿದ ರಾಜಿಪತ್ರಕ್ಕೆ ಒಪ್ಪಿದೆವು. ದೂರು ಕೊಡುವುದಿಲ್ಲ, ಬದಲಿಗೆ ನಾನು ಕಂಡದ್ದನ್ನು ಮನೆಯವರಿಗೂ ಹೇಳಕೂಡದು, ಆ್ಯಪನ್ನು ಮತ್ತೆ ಪರೀಕ್ಷಿಸಕೂಡದು. ಸಂಘವೂ ಬಾಯಿ ಬಿಡುವಂತಿಲ್ಲ. ಈ ಸಲ ಪ್ರತಿ ಸಾಲನ್ನೂ ನಾನೇ ಓದಿ ಹೇಳಿದೆ. ಮಾವ ನನ್ನ ಮುಖ ನೋಡದೆ ರುಜು ಹಾಕಿದರು. "ಚಾ ಕುಡ್ದ್ ಹೋಪ," ಎಂದರು, ಅಷ್ಟೇ.

ಆ ತಪ್ಪನ್ನು ಕಂಪನಿ ಸರಿಮಾಡಿತೋ ಇಲ್ಲವೋ ನನಗೆ ಇವತ್ತಿಗೂ ಗೊತ್ತಿಲ್ಲ. ನೋಡಿದರೆ ಅಪರಾಧ, ಯಾರನ್ನಾದರೂ ಕೇಳಿದರೆ ಕರಾರು ಮುರಿದಂತೆ. ಆ ಆ್ಯಪಿನ ಗುರುತು ಯಾರ ಫೋನಿನಲ್ಲಿ ಕಂಡರೂ ಬೇರೆ ಕಡೆ ನೋಡುತ್ತಿದ್ದೆ.

ಒಂದು ಮಧ್ಯಾಹ್ನ ಅಮ್ಮ ಮೀನು ಮಾರಿ ಬಂದವಳು ಕೈ ತೊಳೆದು, ಸೆರಗಿಗೆ ಒರೆಸಿಕೊಂಡು, ಪಾಸ್‌ಬುಕ್ಕನ್ನೂ ಫೋನನ್ನೂ ನನ್ನ ಮುಂದಿಟ್ಟಳು.

"ಇದ್ರಾಗೆ ಹಾಕಿಕೊಡ್ ಮಗಾ."

"ಈಗ ಬ್ಯಾಡ ಅಮ್ಮ. ಕಡಿಗೆ ಕಾಂಬ."

"ಎಂತಕ್ಕೆ? ನಂದೊಂದೇ ಬಾಕಿ. ಮಾರ್ಕೆಟಿನ ಹೆಂಗ್ಸ್ರೆಲ್ಲ ಹಾಕಿಯಾಯ್ತ್. ಮೊದ್ಲ್ ಹೆದ್ರತಿದ್ರ್. ಕಡಿಗೆ, 'ನಿನ್ ಮಗ್ಳೇ ಆ್ಯಪ್ ಕಂಡದ್ದಲ್ದಾ, ತಪ್ಪಿದ್ರೆ ಹೇಳ್ದೆ ಬಿಡ್ತಾ' ಅಂದ್ ಎಲ್ರೂ ಹಾಕಿರ್."

ಅಮ್ಮನಿಗೆ ಅದನ್ನು ಹೇಳುವಾಗ ಹೆಮ್ಮೆಯಿತ್ತು. ನಾನು ಫೋನ್ ತೆಗೆದುಕೊಂಡು ಅವಳದ್ದನ್ನೂ ಹಾಕಿಕೊಟ್ಟೆ. ಹಾಕದಿದ್ದರೆ 'ಎಂತಕ್ಕೆ?' ಎಂದು ಅವಳು ಇನ್ನೊಮ್ಮೆ ಕೇಳುತ್ತಿದ್ದಳು.