ಹುಳುಮನೆಯ ಪಕ್ಕದಲ್ಲೊಂದು ಗುಡಾರ

ತಿಪ್ಪಸಂದ್ರದ ಆಚೆಗಿರುವ ತಮ್ಮ ತೋಟದಲ್ಲಿ ಗಂಗಲಕ್ಷ್ಮಮ್ಮ ಮೂವತ್ತೆರಡು ವರ್ಷಗಳಿಂದ ರೇಷ್ಮೆಹುಳು ಸಾಕುತ್ತಿದ್ದಾರೆ. ಊರಿನಲ್ಲಿ ಅವರಿಗೆ ಅನುಮಾನದ ಗಂಗಮ್ಮ ಎಂದೇ ಹೆಸರು. ಅತ್ತರು ಪೂಸಿಕೊಂಡವರನ್ನು ಹುಳುಮನೆಯ ಬಾಗಿಲಿನಿಂದ ಹಿಂದಕ್ಕೆ ಕಳಿಸುತ್ತಾರೆ. ಬೀಡಿ ಸೇದಿದವನನ್ನು ಗೇಟಿನಿಂದಲೇ. ಆ ಅನುಮಾನ ಹುಟ್ಟಿನಿಂದ ಬಂದದ್ದಲ್ಲ. ಒಂದು ವರ್ಷ ಪಕ್ಕದ ಅವರೆ ಹೊಲಕ್ಕೆ ಹೊಡೆದ ಔಷಧಿ ಗಾಳಿಯಲ್ಲಿ ತೇಲಿಬಂದು, ಗೂಡು ಕಟ್ಟಲು ಎರಡೇ ದಿನವಿದ್ದ ಹುಳುಗಳೆಲ್ಲ ತಲೆಯೆತ್ತಿ ಹಸಿರು ಕಕ್ಕಿ ಸತ್ತವು. ಅವನ್ನು ಮಂಕರಿಯಲ್ಲಿ ತುಂಬಿ ಗುಂಡಿಗೆ ಸುರಿದವರು ಅವರೇ. ಅಂದಿನಿಂದ ಅವರು ಗಾಳಿಯನ್ನೂ ನಂಬುವುದಿಲ್ಲ.

ಹೋದ ಡಿಸೆಂಬರಿನ ಒಂದು ಶನಿವಾರ. ಹುಳುಗಳು ಕೊನೆಯ ಪೊರೆ ಕಳಚಿ ಐದು ದಿನವಾಗಿತ್ತು. ಬೆಳೆ ಕೈಗೆ ಬರುವ ಹೊತ್ತು. ಸಂಜೆ ನಾಲ್ಕರ ಸುಮಾರಿಗೆ ಹಿಪ್ಪುನೇರಳೆ ಸೊಪ್ಪಿನ ಹೊರೆ ಹೊತ್ತು ಬರುತ್ತಿದ್ದ ಗಂಗಲಕ್ಷ್ಮಮ್ಮನವರಿಗೆ ಬೀಳುಬಿಟ್ಟ ಹೊಲದಲ್ಲಿ ಕೆಂಪು, ಹಳದಿ ಗೂಟಗಳ ಸಾಲು ಕಂಡಿತು. ಯಾರೋ ಒಬ್ಬ ಬಗ್ಗಿ ಇನ್ನೊಂದನ್ನು ಹೊಡೆಯುತ್ತಿದ್ದ.

“ನಯನಾ! ಬಾರಮ್ಮಿ ಇಲ್ಲಿ. ನಮ್ ಹೊಲ ಅಳೆಯಕ್ ಬಂದವ್ರೆ!”

ಸೊಸೆ ನಯನಾ ನಕ್ಕಳು. “ಅಳೆಯೋರಲ್ಲ ಅತ್ತೆ. ಚನ್ನಪಟ್ಟಣದಲ್ಲಿ ಗೊಂಬೆ ಮಾಡೋ ವಾಸಿಂ, ನನ್ ಜೊತೆ ಓದಿದ್ ಅತಿಯಾ ಗಂಡ. ಒಂದ್ ರಾತ್ರಿ ಟೆಂಟ್ ಹಾಕ್ಕೊತೀವಿ ಅಂದ್ರು, ಹೂಂ ಅಂದೆ. ನೆನ್ನೆನೇ ಯೋಳ್ಲಿಲ್ವಾ?”

“ಮನೆ ಇರೋರು ಹೊಲ್ದಲ್ಲಿ ಯಾಕ್ ಮನಿಕೊಂಡಾರು? ಏನೋ ಐತೆ.”

ಹೊರೆ ಇಳಿಸಿ ನೇರ ಅಲ್ಲಿಗೇ ನಡೆದರು. ಗೂಟಗಳನ್ನು ವಾಸಿಂ ತಾನೇ ಗೊಂಬೆ ಕಡೆಯುವ ಚರಕಿಯ ಮೇಲೆ ತಿರುವಿ, ಅರಗಿನ ಬಣ್ಣ ಕೊಟ್ಟು, ಕನ್ನಡಿಯಂತೆ ಮಿಂಚಿಸಿ ತಂದಿದ್ದ. ಗಂಗಲಕ್ಷ್ಮಮ್ಮ ಒಂದನ್ನು ಎರಡು ಬೆರಳಿನಿಂದ ಎಳೆದರು. ಸಲೀಸಾಗಿ ಹೊರಗೆ ಬಂತು.

“ಇದೇನಪ್ಪ, ಗೂಟಾನಾ, ಮಕ್ಕಳ ಗಿಲಕೀನಾ?”

ಅತಿಯಾ ಪಕ್ಕನೆ ನಕ್ಕಳು. “ನಾನೂ ಅದ್ನೇ ಅಂದೆ ಅಮ್ಮಾ, ಕೇಳ್ಳಿಲ್ಲ. ಮನೆ ತಾರಸಿ ಮೇಲೆ ಎರಡ್ ಸಲ ಟೆಂಟ್ ಹಾಕಿ ನೋಡಿದ್ವಿ, ನೀರಿನ್ ಟ್ಯಾಂಕಿಗೆ ಹಗ್ಗ ಕಟ್ಟಿ. ಚೆನ್ನಾಗೇ ನಿಂತಿತ್ತು.”

“ಟ್ಯಾಂಕೂ ತಂದಿದ್ದೀರಾ ಮತ್ತೆ?”

ಅರಗಿನ ನುಣುಪು ಮಗುವಿನ ಕೈಗೆ ಹಿತ, ನಿಜ. ಆದರೆ ಮಣ್ಣು ಒರಟನ್ನು ಮಾತ್ರ ಹಿಡಿಯುತ್ತದೆ. ಗಂಗಲಕ್ಷ್ಮಮ್ಮ ಆಡು ಕಟ್ಟುವ ಜಾಲಿ ಗೂಟಗಳನ್ನು ತರಿಸಿದರು. ತಲೆ ಗುಡಾರದಿಂದ ಆಚೆಗೆ ವಾಲುವಂತೆ ಓರೆಯಾಗಿ ಹೊಡೆಯಬೇಕು, ಹಗ್ಗವನ್ನು ನೆಲಕ್ಕೆ ತಾಗುವಷ್ಟು ಕೆಳಗೆ ಕಟ್ಟಬೇಕು, ಹೊಡೆಯುವ ಮುಂಚೆ ಇರುವೆ ಗೂಡು ಇದೆಯೇ ಎಂದು ನೆಲ ಕೆದಕಿ ನೋಡಬೇಕು ಎಂದು ಹೇಳಿಕೊಟ್ಟರು. ಬಾಯಿ ಪಾಠ ಹೇಳುತ್ತಿತ್ತು, ಕಣ್ಣು ಚೀಲಗಳ ಮೇಲಿತ್ತು. ಒಂದು ಚಿಟಿಕೆ ಧೂಳು ಎತ್ತಿ ಮೆಲ್ಲಗೆ ಬಿಟ್ಟರು. ಅದು ತೇಲಿದ್ದು ಅರವತ್ತು ಹೆಜ್ಜೆ ದೂರದ ಹುಳುಮನೆಯ ಕಡೆಗೆ.

“ಸೊಳ್ಳೆಗೆ ಏನ್ ತಂದಿದ್ದೀರಿ?”

ಅತಿಯಾ ಸೊಳ್ಳೆಬತ್ತಿಯ ಡಬ್ಬಿ ತೋರಿಸಿದಳು. ಗಂಗಲಕ್ಷ್ಮಮ್ಮ ಅದನ್ನು ಕಿತ್ತುಕೊಂಡರು.

“ಇದ್ರ ಹೊಗೆಗೆ ಸೊಳ್ಳೆ ಸಾಯ್ತದೋ ಬುಡ್ತದೋ, ನನ್ ಹುಳ ಮಾತ್ರ ಒಂದೂ ಉಳಿಯಾಕಿಲ್ಲ.”

ಅತಿಯಾಳ ಮುಖ ಕಪ್ಪಿಟ್ಟಿತು. “ನಮ್ ತವರಲ್ಲಿ ಗೂಡು ಬಿಚ್ಚಿ ನೂಲು ತೆಗೆಯೋರೇ ಅಮ್ಮಾ. ಗೂಡು ಕಂಡಿದ್ದೀನಿ, ಹುಳ ಕಂಡಿಲ್ಲ. ಇದ್ ಗೊತ್ತೇ ಇರ್ಲಿಲ್ಲ.”

“ಹೋದ್ ವರ್ಷ ಜಾರಾಗೆ ಡೆಂಗಿ ಬಂದಿತ್ತಮ್ಮ,” ಎಂದ ವಾಸಿಂ, ಪಕ್ಕದಲ್ಲಿದ್ದ ಏಳು ವರ್ಷದ ಮಗಳ ತಲೆಯ ಮೇಲೆ ಕೈಯಿಟ್ಟು. “ಎಂಟ್ ದಿನ ಆಸ್ಪತ್ರೆ. ಸೊಳ್ಳೆ ಅಂದ್ರೆ ಜೀವ ಹೋಗ್ತದೆ ನಮಗೆ.”

ಆ ಮಾತಿಗೆ ಗಂಗಲಕ್ಷ್ಮಮ್ಮ ಗದರಲಿಲ್ಲ. “ಹಂಗಾದ್ರೆ ಆ ಬಂಡೆ ಹತ್ರಕ್ ಎತ್ತಿ ಗುಡಾರವ. ಅಲ್ಲಿ ಗಾಳಿ ಆಡ್ತದೆ, ಸೊಳ್ಳೆ ನಿಲ್ಲಾಕಿಲ್ಲ. ಮಗೀಗೆ ತುಂಬುತೋಳು ಹಾಕಿ. ಹೊತ್ ಮುಳುಗಕ್ ಮುಂಚೆ ಒಳಗ್ ಹೋಗಿ ಪರದೆ ಮುಚ್ಕೊಳ್ಳಿ. ತಿಂಡಿ ಡಬ್ಬಿಯೆಲ್ಲ ಕಾರಲ್ಲೇ ಇರ್ಲಿ, ವಾಸ್ನೆಗೆ ಕರಡಿ ಬಂದಾವು. ಸೊಳ್ಳೆಗೆ ತಂದಿದ್ದು ಇಷ್ಟೇನಾ?”

“ಇಷ್ಟೇ ಅಮ್ಮಾ, ಆಣೆಗೂ,” ಎಂದ ವಾಸಿಂ.

“ಅಬ್ಬಾ, ಕಾರಲ್ಲಿ ಸ್ಪ್ರೇನೂ ಐತಲ್ಲ!” ಎಂದಳು ಜಾರಾ, ಅಪ್ಪನ ಕಡೆ ತಿರುಗಿ.

ಅತಿಯಾ ಆಕಾಶ ನೋಡತೊಡಗಿದಳು. ವಾಸಿಂ ತಲೆ ತಗ್ಗಿಸಿ ಹೋಗಿ ಡಬ್ಬಿ ತಂದ. “ಮರ್ತಿದ್ದೆ.”

“ಮರ್ತಿದ್ಯೋ ಮುಚ್ಚಿದ್ಯೋ, ನಿನ್ ದೇವ್ರಿಗ್ ಗೊತ್ತು.”

ಎರಡನ್ನೂ ದೂರದ ಪಂಪ್‌ಸೆಟ್ ಕೋಣೆಯಲ್ಲಿಟ್ಟು ಬೀಗ ಹಾಕಿದರು. ಸೋಪು ಹಚ್ಚಿ ಮೊಣಕೈವರೆಗೆ ತೊಳೆದುಕೊಂಡರು. ಆದರೂ ಮನಸ್ಸು ನಿಲ್ಲಲಿಲ್ಲ. ಒಂದು ಸುಳ್ಳು ಹೇಳಿದವನು ಇನ್ನೊಂದನ್ನು ಹೇಳಲಾರನೇ? ಚೀಲದ ತಳದಲ್ಲಿ ಇನ್ನೂ ಏನಾದರೂ ಇದ್ದರೆ? ಹೊತ್ತು ಮುಳುಗುವುದರೊಳಗೆ ನಯನಾಳನ್ನು ಎರಡು ಸಲ ಬಂಡೆಯ ಕಡೆಗೆ ಅಟ್ಟಿದರು.

“ಹೊಗೆ ಕಾಣ್ತಾ ನೋಡಮ್ಮಿ.”

“ಇಲ್ಲ ಅತ್ತೆ. ಪರದೆ ಮುಚ್ಕೊಂಡು ಅಂತ್ಯಾಕ್ಷರಿ ಆಡ್ತಾವ್ರೆ.”

ಬೆಳಗ್ಗೆ ನೇಸರು ಮೂಡುವ ಮುನ್ನ ಹುಳುಮನೆಯ ಬಾಗಿಲು ತೆರೆದು ಕಿವಿಗೊಟ್ಟರು. ಒಳಗೆ ಹುಳುಗಳು ಮೇಯುವ ಸದ್ದಿಲ್ಲ. ರಾತ್ರಿ ಹಾಕಿದ ಸೊಪ್ಪು ಮುಗಿದಿರಬಹುದು ಎಂದು ತಮಗೆ ತಾವೇ ಹೇಳಿಕೊಂಡು ಹೊಸ ಸೊಪ್ಪು ಹರಡಿ ನಿಂತರು. ಮೂಲೆಯಲ್ಲೊಂದು ಹುಳು ತಲೆಯೆತ್ತಿತ್ತು, ಅಂದು ಸತ್ತವುಗಳ ಹಾಗೆಯೇ. ಅವರು ಉಸಿರು ಬಿಡಲಿಲ್ಲ. ಆ ತಲೆ ಅತ್ತ ತೂಗಿತು, ಇತ್ತ ತೂಗಿತು, ಮೆಲ್ಲನೆ ಬಾಗಿ ಎಲೆಯ ಅಂಚು ಹಿಡಿಯಿತು. ಆಮೇಲೆ ಮನೆ ತುಂಬ ಗಂಜಿ ಹಾಕಿದ ಸೀರೆ ಮಡಿಸುವಂಥ ಸರಬರ ಸದ್ದೆದ್ದಿತು.

ಹೊರಗೆ ಹತ್ತು ಹೆಜ್ಜೆ ದೂರದಲ್ಲಿ ಅತಿಯಾ ಮಗಳ ಕೈಹಿಡಿದು ನಿಂತಿದ್ದಳು. ಅವಳ ಕಣ್ಣೂ ನಿದ್ದೆಗೆಟ್ಟಿತ್ತು.

“ತಿಂತಾವಾ ಅಮ್ಮಾ?”

“ತಿಂತಾವೆ. ಮಗೀಗೆ ಸೊಳ್ಳೆ ಕಚ್ಚಿದ್ವಾ?”

“ಒಂದೂ ಇಲ್ಲ.”

“ಅಜ್ಜೀ, ನಾನ್ ನೋಡ್ಲಾ?” ಎಂದಳು ಜಾರಾ.

ಗಂಗಲಕ್ಷ್ಮಮ್ಮ ಹುಡುಗಿಯ ಕೈ ಮೂಸಿದರು, ಜಡೆ ಮೂಸಿದರು. ಎರಡು ಸಲ ಕೈಕಾಲು ತೊಳೆಸಿ, ಮೂರನೆಯ ಸಲ ತಾವೇ ತೊಳೆದರು. ಕೊನೆಗೆ ಹೊಸ್ತಿಲವರೆಗೆ ಮಾತ್ರ ಕರೆದೊಯ್ದು, “ಉಸುರು ಮೆಲ್ಲಗ್ ಬುಡು,” ಎಂದರು. ಅವಳು ನೋಡಿ ಮುಗಿಸುವವರೆಗೂ ಆ ಎರಡು ಪುಟ್ಟ ಕೈಗಳನ್ನು ಹಿಂದಿನಿಂದ ಬಿಗಿಯಾಗಿ ಹಿಡಿದುಕೊಂಡೇ ನಿಂತಿದ್ದರು.