ಜಲಪಾತದ ಹಿಂದಿನ ಗೋಡೆ

ಸವದತ್ತಿಯ ನನ್ನ ಬಾಡಿಗೆ ಕೋಣೆಯ ಒಂದು ಗೋಡೆಗೆ ಆಳೆತ್ತರದ ವಿನೈಲ್ ಸ್ಟಿಕ್ಕರ್ ಅಂಟಿಸಿದ್ದರು. ಕಡು ನೀಲಿ ಬಣ್ಣದ ಜಲಪಾತ. ಪಕ್ಕದಲ್ಲೇ ಇದ್ದ ಮನೆಯೊಡತಿಯನ್ನು ನಾನು ಕಾಕು ಎನ್ನುತ್ತಿದ್ದೆ. ಅವರು ಮೊದಲ ದಿನವೇ, “ಅದನ್ನ ಮುಟ್ಟಬ್ಯಾಡ್ರಿ ಅಕ್ಕೋರ, ಛಂದ ಐತಿ” ಎಂದಿದ್ದರು. ಅದು ಛಂದವಿರಲಿಲ್ಲ. ಆದರೂ ಹಾಗೇ ಬಿಟ್ಟೆ.

ಒಂದು ಬೆಳಿಗ್ಗೆ ನಲ್ಲಿಯ ಹತ್ತಿರ ಕೊಡ ತುಂಬುತ್ತಿದ್ದಾಗ ಕೇಳಿದರು: “ಆ ಬೈಲಹೊಂಗಲದ ವರಾ ಯಾಕ ಬ್ಯಾಡಂದ್ರಿ? ಸ್ವಂತ ಮನಿ ಐತಂತಲ್ಲ?”

“ನಿಮಗ ಯಾರು ಹೇಳಿದ್ರು?”

“ಅಯ್ಯ, ಮಾತಿಗೇನು ಕಾಲು ಬೇಕೇನ್ರಿ?”

ರಾಮದುರ್ಗದಲ್ಲಿರುವ ತಾಯಿಗೆ ಮಾತ್ರ, ಅದೂ ಬಾಗಿಲು ಹಾಕಿಕೊಂಡು, ಫೋನಿನಲ್ಲಿ ಹೇಳಿದ್ದ ವಿಷಯ ಅದು. ತಂದೆಗೆ ಇನ್ನೂ ತಿಳಿಸಿರಲಿಲ್ಲ. ಬೇರೆಯವರ ಬಾಯಿಂದ ಅವರ ಕಿವಿಗೆ ಬಿದ್ದರೆ, ಮುಚ್ಚಿಟ್ಟ ತಪ್ಪು ತಾಯಿಯ ತಲೆಗೆ ಬರುತ್ತಿತ್ತು. ಮೊದಲು ತಾಯಿಯನ್ನೇ ಸಂಶಯಿಸಿ ಕೇಳಿದೆ, ನೊಂದುಕೊಂಡರು. ಕಿಟಕಿಯನ್ನು ಪರೀಕ್ಷಿಸಿದೆ, ಅದರಾಚೆ ಬರೀ ಹಿತ್ತಲು. ಉಳಿದದ್ದು ಕಾಕುವಿನ ಮನೆಗೆ ತಾಗಿದ್ದ ಜಲಪಾತ. ಬೆರಳಿನಿಂದ ತಟ್ಟಿದಾಗ ಅಕ್ಕಪಕ್ಕದ ಗೋಡೆ ಗಟ್ಟಿಯಾಗಿತ್ತು, ನಡುವಿನ ಭಾಗ ಮಾತ್ರ ಟೊಳ್ಳು ಸದ್ದು ಮಾಡಿತು.

ಭಾನುವಾರ ಮಧ್ಯಾಹ್ನ ಹೇರ್ ಡ್ರೈಯರ್ ಹಿಡಿದು ಕುಳಿತೆ. ಉಗುರಿನಿಂದ ಕೆರೆದರೆ ಬಣ್ಣವೂ ಜೊತೆಗೆ ಬರುತ್ತದೆ. ಆದ್ದರಿಂದ ಮೇಲಿನ ಮೂಲೆಯನ್ನು ಮೆತ್ತಗಾಗುವಷ್ಟೇ ಬಿಸಿ ಮಾಡಿ, ಎದ್ದ ಅಂಚನ್ನು ಹಿಂದಕ್ಕೆ ಮಡಚಿ, ಗೋಡೆಗೆ ಒತ್ತಿದಂತೆಯೇ ಇಟ್ಟು ಕೆಳಗೆ ಎಳೆದೆ. ನನ್ನ ಕಡೆಗೆ ಎಳೆಯಲಿಲ್ಲ. ಉಳಿದ ಅಂಟನ್ನು ಸೋಪು ಬೆರೆಸಿದ ಬೆಚ್ಚನೆಯ ನೀರಿನಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿದೆ. ಅರ್ಧ ಜಲಪಾತ ಇಳಿಯುವ ಹೊತ್ತಿಗೆ ಉದ್ದನೆಯ ಒಂದು ಸಂದು ಕಾಣಿಸಿತು. ಅಲ್ಲಿ ಗೋಡೆಯೇ ಇರಲಿಲ್ಲ. ಬಾಗಿಲಿದ್ದ ಜಾಗಕ್ಕೆ ಪ್ಲೈವುಡ್ ಹಲಗೆ ಬಡಿದು ಬಣ್ಣ ಬಳಿದಿದ್ದರು.

ಡ್ರೈಯರ್ ಆರಿಸಿದೆ. ಆಚೆ ಟಿವಿಯ ಸದ್ದು. ಅದರ ನಡುವೆ ಹಲಗೆಯೊಳಗಿಂದಲೇ ಎಂಬಂತೆ ಕಾಕು ಮಾತಾಡಿದರು:

“ಸಾವಕಾಶ ಎಳೀರಿ ಅಕ್ಕೋರ, ಬಣ್ಣ ಕಿತ್ತೀತು.”

ನಾನು ಕೈಯಲ್ಲಿದ್ದ ಅಂಚನ್ನು ಬಿಡಲಿಲ್ಲ. “ಇಲ್ಲಿ ಇಟ್ಟಂಗಿ ಗ್ವಾಡಿ ಯಾಕ ಕಟ್ಟಿಸಿಲ್ಲ ಕಾಕು?”

“ಮಗನ ಲಗ್ನ ಆದಮ್ಯಾಲ ಈ ಖೋಲಿ ಅವಗ ಬೇಕಲ್ರಿ. ಕಟ್ಟೂದು, ಮತ್ತ ಒಡಿಯೂದು ಯಾಕಂತ ಬಿಟ್ವಿ.”

“ಅಂದ್ರ ನಿಮಗ ಎಲ್ಲಾ ಕೇಳತೈತಿ.”

“ಎಲ್ಲಾ ಎಲ್ಲಿ ಕೇಳತೈತ್ರಿ? ನೀವು ಭಾಳ ಮೆತ್ತಗ ಮಾತಾಡತೀರಿ.” ಅದು ದೂರಿನಂತೆಯೇ ಇತ್ತು.

ಯಾರಿಗೆಲ್ಲ ಹೇಳಿದ್ದಾರೆಂದು ಕೇಳಬೇಕೆನಿಸಿತು. ಆದರೆ ಅವರು ಏನು ಹೇಳಿದರೂ ನಾನು ನಂಬುತ್ತಿರಲಿಲ್ಲ, ಕೇಳಲಿಲ್ಲ. ಸ್ಟಿಕ್ಕರನ್ನು ಪೂರ್ತಿ ಬಿಡಿಸಿ ಸುತ್ತಿಟ್ಟೆ. ಬಣ್ಣದ ಒಂದು ಚಕ್ಕೆಯೂ ಎದ್ದಿರಲಿಲ್ಲ. ಕೈ ತೊಳೆದುಕೊಂಡು ಹಲಗೆಯ ಎದುರಿಗೇ ಕುಳಿತು ತಂದೆಗೆ ಫೋನ್ ಹಚ್ಚಿದೆ.

“ಅಪ್ಪಾ, ಬೈಲಹೊಂಗಲದ ಸಂಬಂಧ ನನಗ ಬ್ಯಾಡ. ಅವ್ವಗ ಹೇಳೀನಿ, ನಿಮಗೂ ನಾನ ಹೇಳಬೇಕಂತ ಹಚ್ಚಿದೆ.”

ಹಲಗೆಯ ಆಚೆ ಯಾರೋ ಟಿವಿಯ ಸದ್ದು ಸಣ್ಣದು ಮಾಡಿದರು.