ಬತ್ತಿಯ ಸದ್ದು ನನ್ನದು

ಆ ಹೊಂಗೆ ಎಣ್ಣೆಯಲ್ಲಿ ನೀರಿರಲಿಲ್ಲ. ಚಟಚಟ ಎಂದದ್ದು ಬತ್ತಿಯೂ ಅಲ್ಲ — ನನ್ನ ನಾಲಗೆ. ಆಮೇಲಿನ ಮೂರು ವರ್ಷದಲ್ಲಿ ಹುಣಸೂರಿನ ಎಲ್ಲರ ದನಿಯಲ್ಲೂ ಮಾತಾಡಿದ್ದೇನೆ. ಈ ಒಂದು ಮಾತನ್ನು ಮಾತ್ರ ಈ ವಾರದವರೆಗೆ ಯಾರ ದನಿಯಲ್ಲೂ ಆಡಿರಲಿಲ್ಲ.

ನಾನು ನಂಜುಂಡ. ಅಣಕಿಸುವುದು ನನ್ನ ಚಾಳಿ. ನಮ್ಮ ಸಾಹುಕಾರ್ ಬಸಪ್ಪನವರು ಸಿಟ್ಟಿಗೇಳುವ ಮೊದಲು ಮೂಗಿನಲ್ಲಿ ಎಳೆಯುವ ಉಸಿರು, ಕೋಟೆ ಬಸ್ಸಿನ ಏಜೆಂಟ್ ‘ಕ್ವಾಟೆ ಕ್ವಾಟೆ ಕ್ವಾಟೆ’ ಎಂದು ಕೂಗುವ ಧಾಟಿ, ಹೆಣ್ಣು ನೋಡಲು ಹೋದ ಮನೆಯಲ್ಲಿ ನನ್ನದೇ ದನಿ ಒಡೆದು ಹೋತದಂತಾದದ್ದು — ಎಲ್ಲ ಮಾಡಿ ತೋರಿಸಬಲ್ಲೆ. (ಆ ಹೆಣ್ಣು ನನ್ನನ್ನು ಒಪ್ಪಲಿಲ್ಲ. ಹೋತವನ್ನು ಯಾರು ಒಪ್ಪುತ್ತಾರೆ?)

ಬಸಪ್ಪನವರ ಕಾರ್ಖಾನೆಯಲ್ಲಿ ಹೊಂಗೆ ಎಣ್ಣೆಯನ್ನು ಎಂಜಿನ್ನಿಗೆ ಒಗ್ಗುವಂತೆ ತೊಳೆದು ಕಾಯಿಸುತ್ತೇವೆ. ಕ್ರೂಡಾಯಿಲ್ ಸಿಗುವುದೇ ಅಪರೂಪ. ಪಿರಿಯಾಪಟ್ಟಣದ ಒಂದು ಅಕ್ಕಿ ಗಿರಣಿ ನಮ್ಮ ಎಣ್ಣೆಯನ್ನೇ ಕುಡಿದು ಓಡುತ್ತದೆ. ಮೂರು ವರ್ಷದ ಹಿಂದೆ ಈ ಕೆಲಸ ಪೂರ್ತಿ ಅಲ್ಲಿನ ಹಳೆಯ ಕೆಲಸಗಾರ ಮಾದಪ್ಪನವರದು. ದೊಡ್ಡ ಕೊಪ್ಪರಿಗೆಗೆ ಎಣ್ಣೆ ಸುರಿದು, ಬಿಸಿನೀರು ಹಾಕಿ ಕಲಕಿ, ಒಂದು ದಿನ ತಿಳಿಯಾಗಲು ಬಿಟ್ಟು, ತಳದ ನೀರನ್ನು ಬಸಿದು, ಮಿಕ್ಕ ತೇವ ಆರುವವರೆಗೆ ಮತ್ತೆ ಕಾಯಿಸುವುದು. ಒಂದು ಕೊಪ್ಪರಿಗೆ ಇಳಿಯದೆ ಇನ್ನೊಂದು ಏರುತ್ತಿರಲಿಲ್ಲ. ಆರಿತೋ ಇಲ್ಲವೋ ತಿಳಿಯಲು ಅವರು ಹತ್ತಿಯ ಬತ್ತಿಯನ್ನು ಎಣ್ಣೆಗೆ ಅದ್ದಿ, ಹೊತ್ತಿಸಿ, ಕಿವಿಯ ಹತ್ತಿರ ಹಿಡಿಯುತ್ತಿದ್ದರು. ನೀರಿದ್ದರೆ ಬತ್ತಿ ಚಟಗುಟ್ಟುತ್ತದೆ. ಇಲ್ಲದಿದ್ದರೆ ಸುಮ್ಮನೆ ಉರಿಯುತ್ತದೆ. ಅವರ ಕಣ್ಣಿಗೆ ಪೊರೆ ಬಂದಿತ್ತು, ಉರಿಯ ಕಿಡಿ ಕಾಣುತ್ತಿರಲಿಲ್ಲ. ಅವರಿಗಿದ್ದ ಅಳತೆಗೋಲೆಂದರೆ ಕಿವಿಯೊಂದೇ.

ಬಸಪ್ಪನವರು ಮೈಸೂರಿನಲ್ಲಿ ಹೊಸ ಪದ್ಧತಿಯೊಂದನ್ನು ನೋಡಿಕೊಂಡು ಬಂದಿದ್ದರು. ಮೆಟ್ಟಿಲ ಮೇಲೆ ಮೂರು ಪೀಪಾಯಿ. ಒಂದರಲ್ಲಿ ತೊಳೆತ, ಒಂದರಲ್ಲಿ ತಿಳಿ, ಕೊನೆಯದರಲ್ಲಿ ಕಾಯಿಸುವುದು. ಎಣ್ಣೆ ನಲ್ಲಿಯಿಂದ ನಲ್ಲಿಗೆ ನಿಲ್ಲದೆ ಇಳಿಯುತ್ತಲೇ ಇರುತ್ತದೆ. ಆದರೂ ಮಾದಪ್ಪನವರನ್ನು ಬಿಡಲು ಅವರಿಗೆ ಮನಸ್ಸಿರಲಿಲ್ಲ. ಒಂದು ದಿನ ಮಾದಪ್ಪನವರ ಪರೀಕ್ಷೆಯನ್ನು ತೋರಿಸಲು ಗಿರಣಿಯವರನ್ನು ಕರೆತಂದು, ಹೊಗೆಗೆ ಹೆದರಿ ಬಾಗಿಲಲ್ಲೇ ನಿಂತರು.

ಮಾದಪ್ಪನವರು ಬತ್ತಿ ಹೊತ್ತಿಸಿ ಕಣ್ಣು ಮುಚ್ಚಿದರು. ನಾನು ಅವರ ಬೆನ್ನ ಹಿಂದೆ, ಸೌದೆ ಒಟ್ಟುವವನಂತೆ ಬಗ್ಗಿದ್ದೆ. ನಾಲಗೆಯನ್ನು ಅಂಗುಳಕ್ಕೆ ಒತ್ತಿ — ಚಟ, ಚಟಚಟ.

“ಇನ್ನೂ ನೀರದೆ ಸಾಮಿ,” ಎಂದರು. ಮತ್ತೆ ಕಾಯಿಸಿದರು.

ಒಂದೇ ಸಲ ಎಂದುಕೊಂಡಿದ್ದೆ, ನಿಜ. ಆದರೆ ಅತ್ತ ಹಿಂಡಿ ಹೊರುವವರು ಬಾಯಿಗೆ ಟವೆಲ್ ತುರುಕಿಕೊಂಡು ನಗುತ್ತಿದ್ದರು. ಯಾರಾದರೂ ನಕ್ಕರೆ ನನಗೆ ನಿಲ್ಲಿಸಲು ಬರುವುದಿಲ್ಲ. ಎರಡನೆಯ ಸಲ. ಮೂರನೆಯ ಸಲ. ಎಣ್ಣೆ ಕಪ್ಪಾಯಿತು, ಸೀದ ನಾತ ಬಾಗಿಲು ಮುಟ್ಟಿತು. ಬಸಪ್ಪನವರು ಮೂಗಿನಲ್ಲಿ ಆ ಉಸಿರೆಳೆದರು — ಅಸಲಿ ಉಸಿರು.

“ಏನ್ ಮಾದಪ್ಪ, ಕಿವೀನೂ ಓಯ್ತಾ?”

ಮಾದಪ್ಪನವರು ಕಿವಿಯನ್ನು ಒಮ್ಮೆ ಮುಟ್ಟಿ ನೋಡಿಕೊಂಡರು. “ಓಗಿರ್ಬೇಕು ಸಾಮಿ. ನಂದು ಆಯ್ತು ಬುಡಿ.” ಟವೆಲ್ ಕೊಡವಿ ಹೆಗಲಿಗೆ ಹಾಕಿ ಹೊರಟರು. ಅವರು ಬಾಗಿಲು ದಾಟುವಷ್ಟು ಹೊತ್ತು ಇತ್ತು ನನಗೆ. ‘ಸದ್ದು ಮಾಡಿದ್ದು ನಾನು’ — ಇಷ್ಟೇ ಸಾಕಿತ್ತು. ಬಗ್ಗಿದವನು ಬಗ್ಗಿಯೇ ಇದ್ದೆ.

ಮುಂದಿನ ವಾರ ಪೀಪಾಯಿಗಳು ಬಂದವು. ಅವುಗಳ ನಲ್ಲಿಯ ಉಸ್ತುವಾರಿ ಯಾರಿಗೆ ಸಿಕ್ಕಿತು ಎಂದು ನೀವು ಊಹಿಸಿರುತ್ತೀರಿ.

ಹೊಸ ಪದ್ಧತಿಯನ್ನು ದೂರಲಾರೆ. ಕೊಪ್ಪರಿಗೆ ಎರಡು ದಿನಕ್ಕೆ ಕೊಡುತ್ತಿದ್ದುದನ್ನು ಅದು ಒಂದೇ ದಿನಕ್ಕೆ ಕೊಡುತ್ತದೆ. ಆದರೆ ಈ ಮಳೆಗಾಲದಲ್ಲಿ ಮಧ್ಯದ ಪೀಪಾಯಿಯ ತಿಳಿ ಕದಡಿ, ನೀರು ಎಣ್ಣೆಯ ಜೊತೆ ಕೊನೆಯವರೆಗೆ ಇಳಿಯಿತು. ಹರಿಯುತ್ತಲೇ ಇದ್ದದ್ದನ್ನು ಯಾರು ನಿಲ್ಲಿಸಿ ನೋಡುತ್ತಾರೆ? ಗಿರಣಿಯ ಎಂಜಿನ್ನು ಕೆಮ್ಮಿ ನಿಂತಿತು. ಕೊಪ್ಪರಿಗೆಯಾಗಿದ್ದರೆ ಒಂದು ಕೊಪ್ಪರಿಗೆ ಕೆಡುತ್ತಿತ್ತು. ಈಗ ವಾರದ ಎಣ್ಣೆಯೆಲ್ಲ ಕೆಟ್ಟಿತು. ಬಸಪ್ಪನವರು, “ಬತ್ತಿ ಹಚ್ಚಿ ನೋಡೋ ನಂಜುಂಡ,” ಎಂದರು. ಹಚ್ಚಿದೆ. ಕಿವಿಗೆ ಹಿಡಿದೆ. ಚಟಗುಟ್ಟಿತೇ? ಗಾಳಿಯೇ? ನನಗೆ ತಿಳಿಯಲಿಲ್ಲ. ಆ ಸದ್ದನ್ನು ಇಡೀ ತಾಲ್ಲೂಕಿನಲ್ಲಿ ನನಗಿಂತ ಚೆನ್ನಾಗಿ ಮಾಡುವವನಿಲ್ಲ, ಕೇಳಿ ಗುರುತಿಸಲು ನನಗೇ ಬರಲಿಲ್ಲ.

ಮರುದಿನ ಬೆಳಗ್ಗೆ ಕೆ.ಆರ್. ನಗರದ ಬಸ್ಸು ಹತ್ತಿ, ಅಲ್ಲಿಂದ ಹೊಸ ಅಗ್ರಹಾರಕ್ಕೆ ಹೋದೆ. ಮಾದಪ್ಪನವರು ಅಲ್ಲಿ ಮಗಳು ಗೌರಕ್ಕನ ಮನೆಯಲ್ಲಿದ್ದಾರೆ. ಜಗಲಿಯ ಮೇಲೆ ಹುಣಸೆಹಣ್ಣಿನ ನಾರು ಬಿಡಿಸುತ್ತಿದ್ದರು. ಗೌರಕ್ಕ ನೀರು ಕೊಡುತ್ತ, “ಗಟ್ಯಾಗ್ ಮಾತಾಡಪ್ಪ. ಎಲ್ಡೆಲ್ಡು ಸಲ ಏಳ್ಬೇಕು ಅವ್ರಿಗೆ,” ಎಂದಳು. ಆಮೇಲೆ ದನಿ ತಗ್ಗಿಸಿ, “ಕೇಳಿಸ್ತದೆ ಕಣಪ್ಪ. ಕೇಳಿಸಿದ್ದು ಸರಿಯೋ ತಪ್ಪೋ ಅಂತ ಅವ್ರಿಗೇ ನಂಬ್ಕೆ ಇಲ್ಲ,” ಎಂದಳು.

ಅಂದರೆ ನಾನು ಅವರ ಕೆಲಸವೊಂದನ್ನೇ ತೆಗೆದಿರಲಿಲ್ಲ. ಮೊಮ್ಮಕ್ಕಳ ಮಾತನ್ನೂ ಅವರಿಂದ ಕಿತ್ತುಕೊಂಡಿದ್ದೆ.

ಅವತ್ತು ಸದ್ದು ಮಾಡಿದ್ದು ನಾನೇ ಎಂದು ಹೇಳಿದೆ. ಬೈಗುಳ ಬರಲಿ ಎಂದು ಕಾದೆ. ಬರಲಿಲ್ಲ.

“ಅದ್ನೇ ಇನ್ನೊಂದು ಸಲ ಮಾಡ್ಲಾ,” ಎಂದರು.

ಮಾಡಿದೆ. ಅವರು ಕಣ್ಣು ಮುಚ್ಚಿ ಕೇಳಿದರು.

“ಬತ್ತಿ ಇಂಗೆ ಒಂದೇ ಸಮ ಒಡ್ಯಾಕಿಲ್ಲ. ಮೊದ್ಲು ಜೋರು, ಆಮ್ಯಾಕೆ ಬಿಟ್ಟು ಬಿಟ್ಟು. ನಿಂದು ಉರಿಯೋ ಸದ್ದಲ್ಲ, ಹಲ್ಲಿ ಲೊಚಗುಟ್ಟದಂಗದೆ.” ಹುಣಸೆಹಣ್ಣಿನ ಇನ್ನೊಂದು ನಾರು ಎಳೆದರು. “ಅವತ್ತೇ ತಿಳೀಬೇಕಿತ್ತು ನಂಗೆ. ಸಾವ್ಕಾರ್ರು ನಿಂತಿದ್ರಲ್ಲ, ಎದೆ ಒಡ್ಕೋತಿತ್ತು.”

ಕ್ಷಮಿಸಿದೆ ಎನ್ನಲಿಲ್ಲ. ನಾನೂ ಕೇಳಲಿಲ್ಲ. ಎಣ್ಣೆ ಕೆಟ್ಟದ್ದನ್ನು ಹೇಳಿದಾಗ ಅವರು ಪೀಪಾಯಿಗಳ ವಿಷಯ ಕೆದಕಿ ಕೇಳಿದರು — ನಲ್ಲಿ ಎಷ್ಟು ದಪ್ಪ, ಕೊನೆಯದಕ್ಕೆ ಉರಿ ಎಷ್ಟು.

“ಕಾಲ್ವೆ ನೀರೂ ನಿಲ್ದೆ ಓಗ್ತದೆ. ಅಂಗಂತ ತೂಬಿನತ್ರ ಒಬ್ಬ ಕುಂತಿರಕಿಲ್ವಾ? ಕೊನೇ ನಲ್ಲಿತಾವ ಗಳಿಗೆಗೊಂದು ಬತ್ತಿ ಹಚ್ಬೇಕು ಕಣ್ಲಾ. ಚಟ ಅಂದ್ರೆ ನಲ್ಲಿ ಕಟ್ಬೇಕು. ಅಷ್ಟೇಯ.”

“ನೀವೇ ಬಂದು ಕೂತ್ಕೊಳ್ಳಿ,” ಎಂದೆ.

“ಬತ್ತೀನಿ. ಆದ್ರೆ ಅವತ್ತು ನಕ್ಕೋರೆಲ್ಲ ಇರೋವಾಗ, ಸಾವ್ಕಾರ್ರ ಎದ್ರಿಗೆ ಇದ್ನ ನೀನೇ ಏಳ್ಬೇಕು. ಯಾರ ಅಣಕನೂ ಮಾಡ್ದೆ.”

ಅಷ್ಟರಲ್ಲಿ ಒಳಗಿನಿಂದ ಗೌರಕ್ಕ, ಹೊಗೆಯ ನಡುವೆ, ಯಾವತ್ತಿನಂತೆ ಕೂಗದೆ, “ಅಪ್ಪಾ, ಮುದ್ದೆ ಎಷ್ಟು ಕಟ್ಲಿ?” ಎಂದಳು.

“ನಂಗೆ ಎಲ್ಡು. ಇವನ್ಗೂ ಆಕು,” ಎಂದರು ಮಾದಪ್ಪನವರು, ಎರಡನೆಯ ಸಲ ಹೇಳಿಸಿಕೊಳ್ಳದೆ. ಒಳಗೆ ಗೌರಕ್ಕನ ಕೋಲು ಮಡಕೆಯಲ್ಲಿ ಒಂದು ಕ್ಷಣ ನಿಂತಿತು.

ನಾಡಿದ್ದು ಸೋಮವಾರ ಅವರು ಬರುತ್ತಾರೆ. ಹೇಳಿದ ಮೇಲೆ ನಲ್ಲಿಯ ಉಸ್ತುವಾರಿ ನನಗೆ ಉಳಿಯಲಾರದು. ಉಳಿಸಿ ಎಂದು ಕೇಳುವುದೂ ಇಲ್ಲ. ಹಿಂಡಿ ಹೊರಲು ಬಿಟ್ಟರೆ ಹೊರುತ್ತೇನೆ. ಬಿಡುವಾದಾಗ ಅವರ ಪಕ್ಕ ಕೂತು ಬತ್ತಿ ಕೇಳುವುದನ್ನು ಕಲಿಸಿಕೊಡಿ ಎನ್ನುತ್ತೇನೆ. ಕಲಿಸುತ್ತಾರೋ ಇಲ್ಲವೋ — ಅದು ಅವರಿಗೆ ಬಿಟ್ಟದ್ದು. ಅವರನ್ನು ಕರೆತರಲು ಅವತ್ತು ಬೆಳಗ್ಗೆ ಮೊದಲ ಬಸ್ಸಿಗೇ ಹೋಗುತ್ತೇನೆ.